ಕೆಂಚ ದೋಣಿ ಹತ್ತಲು ಕಲಿತದ್ದು

2018ರ ಆಗಸ್ಟ್ 17ರ ಬೆಳಗ್ಗೆ ನಮ್ಮ ಗೇಟಿನ ಮುಂದೆ ರಬ್ಬರ್ ದೋಣಿ ಬಂದು ನಿಂತಾಗ ಅದರಲ್ಲಿ ಇನ್ನೂ ನಾಲ್ಕು ಜನರಿಗೆ ಜಾಗವಿತ್ತು. ನಾವಿದ್ದದ್ದು ಮೂವರು: ಎಂಬತ್ತೊಂದು ದಾಟಿದ ಅಮ್ಮ, ನನ್ನ ಹೆಂಡತಿ, ನಾನು. ನಾಲ್ಕನೆಯ ಜಾಗ ಕೆಂಚನಿಗೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಕೆಂಚನ ಲೆಕ್ಕ ಬೇರೆ ಇತ್ತು.

ಅವನು ಹದಿನೆಂಟು ಕಿಲೋ ತೂಗುವ, ಕೆಂದು ಬಣ್ಣದ ಊರ ನಾಯಿ. ದೋಣಿಯ ಅಂಚಿನ ಮೇಲೆ ಮುಂಗಾಲು ಇಟ್ಟ. ಗಾಳಿ ತುಂಬಿದ ಅಂಚು ಮೆತ್ತಗೆ ಒಳಕ್ಕೆ ಕುಸಿಯಿತು. ಹುಟ್ಟಿದಾಗಿನಿಂದ ಗಟ್ಟಿ ನೆಲವನ್ನು ಬಿಟ್ಟು ಬೇರೇನನ್ನೂ ತುಳಿಯದ ಪ್ರಾಣಿ, ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿದ. ಕೊರಳಪಟ್ಟಿ ನನ್ನ ಕೈಯಲ್ಲಿ ಉಳಿಯಿತು, ಅವನು ಈಜಿಕೊಂಡು ಹೋಗಿ ಜಗಲಿ ಹತ್ತಿ ನಡುಗುತ್ತ ನಿಂತ. ದೋಣಿಯವರು ಎರಡು ನಿಮಿಷ ಕಾದರು. ಅದಕ್ಕಿಂತ ಹೆಚ್ಚು ಕಾಯಬೇಕೆಂದು ಕೇಳುವ ಮುಖ ನನಗಿರಲಿಲ್ಲ. ಹಿಂದಿನ ಬೀದಿಯಲ್ಲಿ ಬಾಣಂತಿಯೊಬ್ಬರು ಕಾಯುತ್ತಿದ್ದರು. ಕೆಂಚನನ್ನು ತಾರಸಿಗೆ ಅಟ್ಟಿ, ಒಂದು ಬಕೆಟ್ ನೀರು, ಒಂದು ಪಾತ್ರೆ ಅನ್ನ ಇಟ್ಟು, ಬಾಗಿಲು ಎಳೆದುಕೊಂಡು ಬಂದೆ. ಸರಪಳಿ ಹಾಕಲಿಲ್ಲ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು, ಅದೂ ಸರಪಳಿ ನೀರಿನಡಿ ಎಲ್ಲಿದೆಯೋ ಸಿಗದೆ ಹೋದದ್ದರಿಂದ. ಪಕ್ಕದ ಬೀದಿಯ ಒಂದು ಮನೆಯಲ್ಲಿ ಸರಪಳಿ ಸಿಕ್ಕಿತ್ತು. ಅದರ ಬಗ್ಗೆ ಬರೆಯುವುದಿಲ್ಲ.

ಬೆಕ್ಕು ಅಕ್ಕಮ್ಮ ಎಲ್ಲೂ ಕಾಣಲಿಲ್ಲ. ಗತ್ತು ನೋಡಿ ಆ ಹೆಸರಿಟ್ಟವಳು ನನ್ನ ಅಮ್ಮ. ಕರೆದರೆ ಬರುವ ಪೈಕಿಯಲ್ಲ ಅವಳು, ಮಾಮೂಲಿ ದಿನಗಳಲ್ಲೂ.

ಕುಶಾಲನಗರದ ಈ ಭಾಗ ಗೊತ್ತಿಲ್ಲದವರಿಗೆ ಒಂದು ಮಾತು. ಸಾಯಿ ಬಡಾವಣೆ, ಕುವೆಂಪು ಬಡಾವಣೆ ಎಲ್ಲ ಕಾವೇರಿಯ ಮಗ್ಗುಲಿಗೆ ಅಂಟಿಕೊಂಡಿವೆ. ಕೊಡಗಿನ ಬೆಟ್ಟಗಳಿಂದ ಇಳಿದ ನೀರು ನಮ್ಮ ಬೆನ್ನ ಹಿಂದೆ ಹಾದು, ಕೂಡಿಗೆಯಲ್ಲಿ ಹಾರಂಗಿಯನ್ನು ಸೇರುತ್ತದೆ. ಹಾರಂಗಿ ಜಲಾಶಯ 2859 ಅಡಿಗೆ ತುಂಬಿ ಅಲ್ಲಿಂದಲೂ ನೀರು ಹೊರಬಿದ್ದರೆ, ಸಂಗಮದಲ್ಲಿ ಕಾವೇರಿಗೆ ಮುಂದೆ ಹೋಗಲು ದಾರಿ ಸಾಲದೆ ಹಿಂದಕ್ಕೆ ಒತ್ತಿಕೊಂಡು ಬಂದು ಬಡಾವಣೆಗೆ ನುಗ್ಗುತ್ತಾಳೆ ಎಂಬುದು ನಮ್ಮ ಬೀದಿಯ ವಿವರಣೆ. ಅದೇ ವಾರ ಮೇಲೆ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜರಿದು ಜನ ಸತ್ತರು. ಅವರ ಮುಂದೆ ನಮ್ಮದು ಒದ್ದೆಯಾದವರ ಕಥೆ, ಅಷ್ಟೇ. ಒದ್ದೆಯಾದವರಿಗೂ ಕಲಿಯಲು ಒಂದಿಷ್ಟು ಇತ್ತು.

ಪರಿಹಾರ ಕೇಂದ್ರವಾಗಿದ್ದ ಕಲ್ಯಾಣ ಮಂಟಪದ ಬಾಗಿಲಲ್ಲೇ ಸ್ವಯಂಸೇವಕರೊಬ್ಬರು, "ನಾಯಿ ಬೆಕ್ಕು ಇದ್ದರೆ ಹೊರಗೆ" ಎಂದು ಹೇಳುತ್ತಿದ್ದರು. ಒಳಗೆ ಹಸುಗೂಸುಗಳಿದ್ದವು, ಉಬ್ಬಸದ ಮುದುಕರಿದ್ದರು. ಅವರ ಮಾತು ತಪ್ಪೆಂದು ಹೇಳಲಾರೆ. ಒಂದು ಕುಟುಂಬ ತಮ್ಮ ನಾಯಿಯ ಜೊತೆ ಪಿಕಪ್ ಗಾಡಿಯಲ್ಲೇ ಟಾರ್ಪಾಲಿನಡಿ ಎರಡು ರಾತ್ರಿ ಮಲಗಿತು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ಅಮ್ಮನ ವಿಳಾಸ ಕೇಳಿದಾಗ ಅಮ್ಮ ಗಾಬರಿಯಲ್ಲಿ ತನ್ನ ತವರೂರಿನ ಹೆಸರು ಹೇಳಿದಳು. ಅರವತ್ತು ವರ್ಷ ಹಿಂದೆ ಬಿಟ್ಟ ಊರು ಅದು. ನಾನು ಪಕ್ಕದಲ್ಲಿದ್ದುದರಿಂದ ತಿದ್ದಿಸಿದೆ.

ಮೂರನೆಯ ದಿನ ಸೊಂಟದುದ್ದ ನೀರಿನಲ್ಲಿ ಮನೆಗೆ ಹೋದೆ. ಬೊಗಳಿ ಬೊಗಳಿ ಕೆಂಚನ ದನಿ ಬಿದ್ದುಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ತಾರಸಿಯ ಬಾಗಿಲನ್ನು ಕೆರೆದು ಮುಂಗಾಲಿನ ಎರಡು ಉಗುರು ಕಿತ್ತುಹೋಗಿದ್ದವು. ಅಕ್ಕಮ್ಮ ಸಿಕ್ಕಿದ್ದು ಅಟ್ಟದ ಮೇಲೆ, ದಸರಾ ಗೊಂಬೆಯ ಟ್ರಂಕಿನ ಹಿಂದೆ. ಕೈ ಹಾಕಿದೆ. ಹೆಬ್ಬೆರಳಿನ ಬುಡಕ್ಕೆ ನಾಲ್ಕೂ ಕೋರೆಹಲ್ಲು ಇಳಿಸಿದಳು. ನಂಬಿದ ಮನುಷ್ಯನನ್ನೇ ಕಚ್ಚಿದಳಲ್ಲ ಎಂದು ಆಗ ನೊಂದುಕೊಂಡೆ. ಈಗ ಅನ್ನಿಸುವುದು ಬೇರೆ. ಮೂರು ದಿನ ಕತ್ತಲಲ್ಲಿ ಕೆಳಗೆ ನೀರಿನ ಸದ್ದು ಕೇಳುತ್ತ ಕುಳಿತವಳಿಗೆ ಕತ್ತಲಿನಿಂದ ಚಾಚಿ ಬಂದ ಕೈ ಯಾರದಾದರೇನು?

ಅಕ್ಕಮ್ಮನಿಗೆ ರೇಬಿಸ್ ಲಸಿಕೆ ಹಾಕಿಸಿರಲಿಲ್ಲ. ಮನೆ ಬಿಟ್ಟು ಹೋಗದ ಬೆಕ್ಕಿಗೆ ಏಕೆ ಎಂದು ವಾದಿಸಿದ್ದವನು ನಾನೇ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯಬೇಕು ಎಂದು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಸುತ್ತ ಸೊಂಟದುದ್ದ ನೀರು, ತೊಳೆಯಲು ಒಂದು ತಂಬಿಗೆ ಶುದ್ಧ ನೀರಿಲ್ಲ. ಆಮೇಲೆ ರೇಬಿಸ್ ಚುಚ್ಚುಮದ್ದಿಗೆ 0, 3, 7, 14, 28ನೆಯ ದಿನ ಎಂದು ಐದು ಸಲ ಭುಜ ಒಡ್ಡಿದೆ. ಒಂದೊಂದು ಚುಚ್ಚುವಾಗಲೂ ಹೆಂಡತಿ ಪಕ್ಕದಲ್ಲಿ ಕುಳಿತು ಏನೂ ಹೇಳಲಿಲ್ಲ. ಅದು ಚುಚ್ಚುಮದ್ದಿಗಿಂತ ಹೆಚ್ಚು ನೋಯಿಸಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ವರ್ಷಕ್ಕೊಮ್ಮೆ ಗಂಟೆ ಬಾರಿಸಿ ಮಕ್ಕಳನ್ನು ಸಾಲಾಗಿ ಮೈದಾನಕ್ಕೆ ಓಡಿಸುವ ಅಣಕು ಕವಾಯತು ಮಾಡಿಸುತ್ತಿದ್ದೆ. ಮನೆಯಲ್ಲಿ ಕವಾಯತು ಬೇಕಿರುವವರು ಇಬ್ಬರಿದ್ದಾರೆ ಎಂದು ಹೊಳೆದಿರಲಿಲ್ಲ. ಕೆಂಚನ ಉಗುರಿಗೆ ಪಟ್ಟಿ ಕಟ್ಟುತ್ತ ಪಶುವೈದ್ಯರು ಕೇಳಿದರು: "ಮೇಷ್ಟ್ರೇ, ಆವತ್ತು ನೀವು ಅವನಿಗೆ ಹೊಸ ಪಾಠವನ್ನೂ ಮಾಡಿ, ಅವತ್ತೇ ಪರೀಕ್ಷೆಯನ್ನೂ ಇಟ್ಟಿರಿ. ಪಾಸಾಗುತ್ತಾನೆಯೇ?"

ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಉಚಿತ ಲಸಿಕೆ ಹಾಕುತ್ತಾರೆ. ಅಲ್ಲಿಂದ ಶುರುವಾಯಿತು. ಕೆಂಚನಿಗೆ ಇಲಿಜ್ವರವೂ ಸೇರಿದ ಲಸಿಕೆಯನ್ನು ಬೇರೆಯಾಗಿ ಹಾಕಿಸಿದೆ. ನೆರೆ ನೀರಿನಲ್ಲಿ ಇಲಿಯ ಮೂತ್ರ ಬೆರೆತು ಆ ರೋಗ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ಮಳೆಗಾಲದ ಹೊಸ್ತಿಲಲ್ಲಿ ಓಡಿದರೆ ಪ್ರಯೋಜನವಿಲ್ಲ. ಲಸಿಕೆ ಪುಸ್ತಕದ ಪ್ರತಿ, ನಾನು ಕೆಂಚನ ಜೊತೆ, ಹೆಂಡತಿ ಅಕ್ಕಮ್ಮನ ಜೊತೆ ನಿಂತ ಫೋಟೊ, ಇವನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಒಂದೊಂದು ಪ್ರತಿಯನ್ನು ಮೈಸೂರಿನ ಮಗನ ಮೊಬೈಲಿಗೆ ಕಳಿಸಿದೆ. ಕಳೆದುಹೋದ ನಾಯಿಯನ್ನು ನನ್ನದೆಂದು ಹೇಳುವವರು ಇಬ್ಬರಾದರೆ ಫೋಟೊ ಸಾಕ್ಷಿ ಹೇಳುತ್ತದೆ.

ಗುರುತಿನ ಬಿಲ್ಲೆಗೆ ಬಹಳ ಹುಡುಕಿದೆ. ಚರ್ಮದಡಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಹಾಕಿಸಬಹುದು ಎಂದು ಮಗ ಹೇಳಿದ. ಹಾಕಿಸಬಹುದು. ಆದರೆ ನೆರೆ ಬಂದ ದಿನ ಕೆಂಚನನ್ನು ಹಿಡಿದವರ ಬಳಿ ಅದನ್ನು ಓದುವ ಯಂತ್ರ ಇರಬೇಕಲ್ಲ. ಕೊನೆಗೆ ಬಸ್ ನಿಲ್ದಾಣದ ಹತ್ತಿರ ಪಾತ್ರೆಗೆ ಹೆಸರು ಕೊರೆಯುವವನ ಬಳಿ ಹೋದೆ. ಮದುವೆ ಪಾತ್ರೆಗಳಿಗೆ ಹೆಸರು ಕೊರೆದು ಬದುಕಿದ ಮನುಷ್ಯ. ಎರಡು ಹಿತ್ತಾಳೆ ಬಿಲ್ಲೆ ಕತ್ತರಿಸಿ, ಟರ್ರೆಂದು ಸೂಜಿ ಓಡಿಸಿ, ಹತ್ತು ನಿಮಿಷದಲ್ಲಿ ಕೊಟ್ಟ. ಮುಂದೆ ಹೆಸರು ಮತ್ತು ನನ್ನ ನಂಬರು. ಹಿಂದೆ ಮಗನ ನಂಬರು, ಏಕೆಂದರೆ 2018ರಲ್ಲಿ ವಿದ್ಯುತ್ ಹೋಗಿ ನಮ್ಮ ಮೊಬೈಲುಗಳೆಲ್ಲ ಸತ್ತು ಮಲಗಿದ್ದವು. ಊರ ಹೊರಗಿನ ಒಂದು ನಂಬರು ಬದುಕಿರಬೇಕು. ಅಕ್ಕಮ್ಮನ ಪಟ್ಟಿಗೆ ಎಲಾಸ್ಟಿಕ್ ಹೊಲಿಸಿದೆವು. ಕೊಂಬೆಗೋ ಕಿಟಕಿಗೋ ಸಿಕ್ಕಿಕೊಂಡರೆ ಬೆಕ್ಕು ತಲೆ ಜಾರಿಸಿಕೊಳ್ಳಲು ಆಗಬೇಕು, ಇಲ್ಲದಿದ್ದರೆ ಅದೇ ಉರುಳಾಗುತ್ತದೆ.

ಅಕ್ಕಮ್ಮನ ಬುಟ್ಟಿಯ ಕಥೆಗೆ ಮೂರು ತಿಂಗಳು ಹಿಡಿಯಿತು. ಪ್ಲಾಸ್ಟಿಕ್ಕಿನ, ಜಾಲರಿ ಬಾಗಿಲಿನ ಬುಟ್ಟಿ. ತಂದ ದಿನವೇ ಅವಳನ್ನು ಹಿಡಿದು ಒಳಗೆ ತುರುಕಲು ಹೋಗಿ ಎರಡನೆಯ ಸಲ ಗೀರಿಸಿಕೊಂಡೆ. ಬೆಕ್ಕನ್ನು ತಿಳಿದವಳು ಹೆಂಡತಿ. ಬುಟ್ಟಿಯ ಬಾಗಿಲನ್ನು ಕಳಚಿ ಸ್ಟೋರಿನಲ್ಲಿಟ್ಟಳು. ತಾನು ಉಟ್ಟು ಹಳೆಯದಾದ ಸೀರೆಯ ತುಂಡನ್ನು ಒಗೆಯದೆ ಒಳಗೆ ಹಾಸಿದಳು. ಬುಟ್ಟಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಅದರತ್ತ ನೋಡಲೂ ಹೋಗಲಿಲ್ಲ. ಮೊದಲ ವಾರ ಒಣ ನೆತ್ತಲಿಯ ಚೂರುಗಳನ್ನು ಬುಟ್ಟಿಯ ಬಾಯಿಗೆ ಇಟ್ಟಳು. ಎರಡನೆಯ ವಾರ ಒಂದು ಗೇಣು ಒಳಗೆ. ಅಕ್ಕಮ್ಮ ಹಿಂಗಾಲುಗಳನ್ನು ಹೊರಗೇ ಊರಿಕೊಂಡು, ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಚಾಚಿ, ಮೀನನ್ನು ಎಳೆದುಕೊಂಡು ಓಡುತ್ತಿದ್ದಳು. ಒಂದು ಮಧ್ಯಾಹ್ನ ಓಡಲಿಲ್ಲ. ಅಲ್ಲೇ ತಿಂದು, ಮೂರು ಸುತ್ತು ತಿರುಗಿ, ಮಲಗಿದಳು. ಮಾತಾಡಬೇಡಿ ಎಂದು ಹೆಂಡತಿ ನನಗೆ ಕಣ್ಣಿನಲ್ಲೇ ಹೇಳಿದಳು. ಬಾಗಿಲು ಮತ್ತೆ ಸೇರಿಸಿದ್ದು ಅದಾಗಿ ಮೂರು ವಾರಕ್ಕೆ. ಮುಚ್ಚಿದ್ದು ಮೊದಲು ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಒಂದು ನಿಮಿಷ, ಆಮೇಲೆ ಬುಟ್ಟಿಯನ್ನೆತ್ತಿ ಅಂಗಳಕ್ಕೆ ಒಂದು ಸುತ್ತು.

ಕೆಂಚನದು ನನ್ನ ವಿಭಾಗ. ದೋಣಿ ಎಲ್ಲಿಂದ ತರಲಿ? ಟೈರ್ ಅಂಗಡಿಯಿಂದ ಹಳೆಯ ಲಾರಿ ಟ್ಯೂಬ್ ತಂದು, ಗಾಳಿ ತುಂಬಿಸಿ, ಮೇಲೊಂದು ಹಲಗೆ ಕಟ್ಟಿ ಅಂಗಳದಲ್ಲಿಟ್ಟೆ. ಅದು ಎಲ್ಲ ಕಡೆಗೂ ಓಲಾಡುತ್ತಿತ್ತು. ಮೊದಲು ನೆಲದ ಮೇಲೆ ಬರೀ ಹಲಗೆ. ಕಾಲಿಟ್ಟರೆ ಬೇಯಿಸಿದ ಮೊಟ್ಟೆಯ ಒಂದು ಚೂರು. ಆಮೇಲೆ ಗಾಳಿ ಅರ್ಧ ತುಂಬಿದ ಟ್ಯೂಬ್. ಕೆಂಚ ಒಂದು ಕಾಲು ಇಡುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ಕಾಲು ತೆಗೆಯುತ್ತಿದ್ದ. ಹದಿನಾಲ್ಕನೆಯ ದಿನ ನಾಲ್ಕೂ ಕಾಲು ಮೇಲಿದ್ದವು, ಬಾಲ ಮಾತ್ರ ಹೊಟ್ಟೆಗೆ ಅಂಟಿತ್ತು. ಬಾಲ ಮೇಲೇಳಲು ಇನ್ನೊಂದು ತಿಂಗಳು ಬೇಕಾಯಿತು. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂತಹ ಜಾಲರಿಯನ್ನು ಹಾಕಿಕೊಳ್ಳುವುದನ್ನೂ ಹೀಗೇ ಕಲಿಸಿದೆ. ಬಾಯಿಗೆ ಬಟ್ಟೆ ಬಿಗಿದರೆ ನಾಯಿಗೆ ನಾಲಗೆ ಚಾಚಿ ಉಸಿರಾಡಲು ಆಗುವುದಿಲ್ಲ, ಮೈಯ ಬಿಸಿ ಹೊರಹೋಗುವ ದಾರಿ ಅದೇ. ಜಾಲರಿಯಲ್ಲಿ ನೀರೂ ಕುಡಿಯಬಹುದು. ಎಂದೂ ಕಚ್ಚದವನಿಗೆ ಇದೇಕೆ ಎಂದು ಅಮ್ಮ ಕೇಳಿದಳು. ನಾನು ಹೆಬ್ಬೆರಳು ತೋರಿಸಿದೆ.

ಬೀದಿಯವರು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. "ಮೇಷ್ಟ್ರು ನಿವೃತ್ತಿಯ ನಂತರ ಸರ್ಕಸ್ ಕಂಪನಿ ತೆರೆದಿದ್ದಾರೆ" ಎಂಬ ಮಾತು ಹಾಲಿನ ಬೂತಿನವರೆಗೂ ಹೋಗಿತ್ತು.

ಇದೆಲ್ಲಕ್ಕಿಂತ ಕಷ್ಟವಾದದ್ದು ಹೋಗುವ ಜಾಗ ಹುಡುಕುವುದು. ಮಡಿಕೇರಿ ರಸ್ತೆಯ ಏರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ಮನೆಯಿದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದೆ. "ಸರ್, ನೀವು ಯಾವಾಗ ಬೇಕಾದರೂ ಬನ್ನಿ, ಅದು ನಿಮ್ಮದೇ ಮನೆ" ಎಂದ. ನಾಯಿ ಬೆಕ್ಕಿನ ಮಾತು ತೆಗೆದೆ. ಒಳಗಿನ ಕಡೆ ತಿರುಗಿ ನೋಡಿದ. ಒಳಗಿನಿಂದ ಲೋಟಗಳ ಸದ್ದು ಸ್ವಲ್ಪ ಜೋರಾಯಿತು. ಮಾತು ಮುಗಿಸಿದ್ದು ನನ್ನ ಹೆಂಡತಿ, ಮುಂದಿನ ವಾರ ಒಂದು ಡಬ್ಬಿ ಕಜ್ಜಾಯದೊಂದಿಗೆ ಹೋಗಿ: ನಾಯಿ ಕೊಟ್ಟಿಗೆಯಲ್ಲಿ, ಬೆಕ್ಕು ನಾವು ಮಲಗುವ ಕೋಣೆಯಲ್ಲಿ ಬುಟ್ಟಿಯೊಳಗೆ, ಗಲೀಜು ಶುಚಿ ಮಾಡುವುದು ನಾವು. ಅವರ ಮನೆಯಲ್ಲಿ ಆಗಲೇ ಒಂದು ಕರಿ ನಾಯಿಯಿತ್ತು. ಎರಡನ್ನೂ ನೆರೆಯ ದಿನ ಮೊದಲ ಸಲ ಮುಖಾಮುಖಿ ಮಾಡಿಸಬಾರದೆಂದು ಮೇ ತಿಂಗಳಿಡೀ ಭಾನುವಾರಗಳಂದು ಕೆಂಚನನ್ನು ಅಲ್ಲಿಗೆ ನಡೆಸಿಕೊಂಡು ಹೋದೆ. ಸ್ನೇಹವಾಗಲಿಲ್ಲ. ಒಬ್ಬರನ್ನೊಬ್ಬರು ಕಾಣದ ಹಾಗೆ ನಟಿಸುವ ಮಟ್ಟಕ್ಕೆ ಬಂದರು. ನೆಂಟರ ನಡುವೆಯೂ ಅಷ್ಟಾದರೆ ಸಾಕಲ್ಲವೇ.

ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದರ ಬಗ್ಗೆಯೇ ಹೇಳುತ್ತಾರೆ. ವಾರಕ್ಕಾಗುವಷ್ಟು ಆಹಾರ, ನೀರು (ಕೆಂಚನ ಮೈತೂಕಕ್ಕೆ ದಿನಕ್ಕೆ ಸುಮಾರು ಒಂದು ಲೀಟರ್), ಅಕ್ಕಮ್ಮನ ಮಲಕ್ಕೆ ಮರದ ಮಿಲ್ಲಿನಿಂದ ತಂದ ಹೊಟ್ಟು, ಒಂದು ಹಳೆಯ ತಟ್ಟೆ, ಹಗ್ಗ, ಟಾರ್ಚು. ಔಷಧಿ ಡಬ್ಬಿಗೆ ಮಾತ್ರ ಒಂದು ಎಚ್ಚರಿಕೆ: ಬೆಕ್ಕಿಗೆ ಮೈ ಬಿಸಿಯಾದರೆ ನಮ್ಮ ಪ್ಯಾರಸಿಟಮಾಲ್ ಅರ್ಧ ಮುರಿದು ಕೊಡೋಣ ಎಂದು ಅಮ್ಮ ತೆಗೆದಿಟ್ಟಿದ್ದಳು. ಬೆಕ್ಕಿನ ದೇಹಕ್ಕೆ ಅದು ವಿಷ, ಅರ್ಧ ಮಾತ್ರೆಯಾದರೂ ಸಾಯಬಹುದು ಎಂದು ವೈದ್ಯರು ಹೇಳಿದಾಗ ಅಮ್ಮ ಆ ಗುಳಿಗೆಯನ್ನು ತಾನೇ ನುಂಗಿ ಲೆಕ್ಕ ಚುಕ್ತಾ ಮಾಡಿದಳು.

ಜೂನ್ ಒಂದರಂದು ಮೊದಲ ಕವಾಯತು. ನಾನು ತಟ್ಟೆ ಬಾರಿಸಿ ಗಡಿಯಾರ ನೋಡಿದೆ. ಎಲ್ಲರೂ ಗೇಟಿನ ಹೊರಗೆ ಬರಲು ನಲವತ್ತೇಳು ನಿಮಿಷ! ತಟ್ಟೆಯ ಸದ್ದಿಗೆ ಬೆದರಿ ಅಕ್ಕಮ್ಮ ಅಟ್ಟ ಹತ್ತಿದ್ದಳು. ತಟ್ಟೆ ಬಿಟ್ಟೆವು. ಅಟ್ಟದ ಬಾಯಿಗೆ ಹಲಗೆ ಹೊಡೆಸಿದೆವು. ಮೊದಲು ಸದ್ದಿಲ್ಲದೆ ಬೆಕ್ಕನ್ನು ಬುಟ್ಟಿಗೆ, ಆಮೇಲೆ ಉಳಿದ ಗದ್ದಲ. ಜುಲೈ ಕೊನೆಗೆ ಹನ್ನೊಂದು ನಿಮಿಷಕ್ಕೆ ಬಂತು. ಮೋರಿಯ ಪಕ್ಕದ ಕಂಬಕ್ಕೆ ಕೆಂಪು ಬಣ್ಣದ ಒಂದು ಗೆರೆ ಬಳಿದೆ. ನೀರು ಆ ಗೆರೆ ಮುಟ್ಟಿದರೆ, ಹಗಲಿರುವಾಗಲೇ, ಇನ್ನೊಬ್ಬರನ್ನು ಕೇಳದೆ ಹೊರಡುವುದು ಎಂದು ಮೂವರೂ ಒಪ್ಪಿದೆವು.

2019ರ ಆಗಸ್ಟ್ 8, ಗುರುವಾರ, ಮಧ್ಯಾಹ್ನ ಗೆರೆ ಮುಳುಗಿತು. ಮರುದಿನ ವರಮಹಾಲಕ್ಷ್ಮಿ ಹಬ್ಬ. ಹೆಂಡತಿ ಕಲಶಕ್ಕೆ ಸೀರೆ ಉಡಿಸುತ್ತಿದ್ದಳು. "ರೀ, ನಾಳೆ ಪೂಜೆ ಮುಗಿಸಿ ಹೊರಡೋಣ, ಮನೆಯೊಳಗೆ ಇನ್ನೂ ಒಂದು ಹನಿ ಬಂದಿಲ್ಲ." ಒಪ್ಪಿದ್ದನ್ನು ನೆನಪಿಸಿದೆ. ಮನೆಯಲ್ಲಿ ಲಕ್ಷ್ಮಿಯನ್ನು ಬಿಟ್ಟು ಹೋಗುತ್ತಾರೆಯೇ ಎಂದಳು. ಹಾಗಾದರೆ ಅವಳನ್ನೂ ಕರೆದುಕೊಂಡು ಬಾ ಎಂದೆ. ಹತ್ತು ನಿಮಿಷ ಜಗಳದಲ್ಲಿ ಹೋಯಿತು. ಕವಾಯತಿನಲ್ಲಿ ಜಗಳಕ್ಕೆಂದು ಸಮಯ ಇಟ್ಟಿರಲಿಲ್ಲ, ಇಡಬೇಕು. ಕೊನೆಗೆ ಅವಳು ಮಡಿಲಲ್ಲಿ ಕಲಶ, ಕಾಲ ಬಳಿ ಅಕ್ಕಮ್ಮನ ಬುಟ್ಟಿ ಇಟ್ಟುಕೊಂಡು ಗೂಡ್ಸ್ ಆಟೋದ ಮುಂದೆ ಚಾಲಕನ ಪಕ್ಕ ಕುಳಿತಳು. ಹಿಂದೆ ಮಡಿಸುವ ಕುರ್ಚಿಯಲ್ಲಿ ಅಮ್ಮ, ಚೀಲಗಳು, ನಾನು. ಕೆಂಚನಿಗೆ ಹೇಳಬೇಕಾಗಲಿಲ್ಲ. ಓಲಾಡುವ ಆಟೋದ ಹಲಗೆಯ ಮೇಲೆ ತಾನೇ ಹಾರಿ, ನಾಲ್ಕು ಕಾಲು ಅಗಲಿಸಿ ನಿಂತು, ಮೊಟ್ಟೆ ಎಲ್ಲಿ ಎಂದು ನನ್ನ ಜೇಬು ಮೂಸಿದ. ಗೇಟು ಮುಚ್ಚುವಾಗ ಎದುರು ಮನೆಯಾಕೆ, ಸರ್ಕಸ್ ಮಾತು ಹುಟ್ಟಿದ್ದೇ ಆ ಮನೆಯಲ್ಲಿ, ಲವ್ ಬರ್ಡ್ಸ್ ಪಂಜರ ಹಿಡಿದು ಓಡಿಬಂದರು. "ಅಣ್ಣಾ, ಇವನ್ನೂ ಇಟ್ಟುಕೊಳ್ಳಿ, ನಾವು ನೋಡಿಕೊಂಡು ಬರುತ್ತೇವೆ." ಅವರು ಬಂದದ್ದು ಮರುದಿನ ಸಂಜೆ, ದೋಣಿಯಲ್ಲಿ. ಹತ್ತು ತಿಂಗಳು ದೋಣಿ ಕಲಿತ ಕೆಂಚನಿಗೆ ದೋಣಿ ಕಾಣುವ ಯೋಗವೇ ಬರಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಚೀಲದಲ್ಲಿ ತುಂಬಿಟ್ಟಿದ್ದ ಒಣ ಆಹಾರವನ್ನು ಕೆಂಚ ಮೂಸಿಯೂ ನೋಡಲಿಲ್ಲ. ಜೀವಮಾನವಿಡೀ ಅನ್ನ ಮೊಟ್ಟೆ ತಿಂದವನಿಗೆ ಅದನ್ನು ಮೊದಲೇ ರೂಢಿ ಮಾಡಿಸಿರಲಿಲ್ಲ. ಮತ್ತೆ ಅದೇ ತಪ್ಪು, ಹೊಸ ಪಾಠ ಮತ್ತು ಅಂದೇ ಪರೀಕ್ಷೆ. ಅಕ್ಕಮ್ಮ ಎರಡು ದಿನ ಮರದ ಹೊಟ್ಟಿನತ್ತ ಹೋಗದೆ, ವಿದ್ಯಾರ್ಥಿಯ ಹೊಸ ಚಾಪೆಯನ್ನು ಆರಿಸಿಕೊಂಡಳು. ಚಾಪೆಯ ಬೆಲೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ, ಅವನ ಹೆಂಡತಿ ತೆಗೆದುಕೊಂಡರು. ಅದೇ ನ್ಯಾಯ.

ಶುಕ್ರವಾರ ಅವರ ಮನೆಯಲ್ಲಿ ಎರಡು ಕಲಶಗಳಿಗೆ ಪೂಜೆಯಾಯಿತು. ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಕುಳಿತು ಕೆಂಚನ ಕೊರಳಿನ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಇದರಲ್ಲಿ ಏನು ಬರೆದಿದೆ?" ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿಗೆ ವಿಳಾಸ ಇದೆ. ಹೋದ ವರ್ಷ ನನ್ನನ್ನು ಕೇಳಿದಾಗ ನನಗೆ ನೆನಪೇ ಬರಲಿಲ್ಲ ನೋಡು" ಎಂದಳು.

2020ರಲ್ಲಿ, ಮುಚ್ಚಿದ್ದ ಅಂಗಡಿಗಳು ಮತ್ತೆ ತೆರೆದ ಮೇಲೆ, ಮಳೆಗಾಲಕ್ಕೆ ಮುಂಚೆ ಬಸ್ ನಿಲ್ದಾಣದ ಆ ಮನುಷ್ಯನನ್ನು ಹುಡುಕಿಕೊಂಡು ಹೋದೆ. ಮಾಸ್ಕಿನ ಮೇಲಿನ ಕಣ್ಣುಗಳಿಂದಲೇ ಗುರುತು ಹಿಡಿದು, "ಇನ್ನೊಂದು ನಾಯಿ ಸಾಕಿದಿರಾ ಸಾರ್?" ಎಂದು ಕೇಳಿದ. ಹೆಸರು ಹೇಳಿದೆ. ಬರೆಯುವ ಮೊದಲು ತಲೆಯೆತ್ತಿ ನೋಡಿದ, ಏನೂ ಕೇಳಲಿಲ್ಲ. ಅಂಚು ಕೈಗೆ ತಾಗದಂತೆ ಉಜ್ಜಿ ನುಣುಪು ಮಾಡಿ ಕೊಟ್ಟ. ಅಮ್ಮ ಅದನ್ನು ಸೆರಗಿನ ತುದಿಯ ಬೀಗದ ಕೈ ಗೊಂಚಲಿಗೆ ಸೇರಿಸಿಕೊಂಡಿದ್ದಾಳೆ. ಈಗ ಅವಳು ನಡೆದು ಬಂದರೂ, ಕೆಂಚ ನಡೆದು ಬಂದರೂ ಸದ್ದು ಒಂದೇ.